ಅನಿಸಿಕೆ ಬೇರೆ, ಎಣಿಕೆ ಬೇರೆ

ಎಲ್ಲರಿಗೂ ನಮಸ್ಕಾರ. ಮೆದುಳಿನ ಆಪರೇಷನ್‌ಗಳ ಅಪಾಯ, ಫಲಿತಾಂಶ ಇವುಗಳ ಬಗ್ಗೆ ಮಾತಾಡಿ ಅಂತ ಕರೆದಿದ್ದೀರಿ. ಐದು ವಿಷಯ ಬರೆದುಕೊಂಡು ಬಂದಿದ್ದೇನೆ. ನನ್ನನ್ನು ಬಲ್ಲವರಿಗೆ ಗೊತ್ತು, ಮೂರನೆಯದಕ್ಕೆ ಬರುವಷ್ಟರಲ್ಲಿ ಸಮಯ ಮುಗಿಯುತ್ತಿದೆ ಅನ್ನುವ ಚೀಟಿ ಬಂದಿರುತ್ತದೆ.

ಮೊದಲು ನನ್ನದೇ ಒಂದು ಹಳೇ ಕಥೆ. ಕ್ರಾನಿಕ್ ಸಬ್‌ಡ್ಯೂರಲ್ ನಿಮಗೆಲ್ಲ ಗೊತ್ತಿರುವುದೇ. ವಯಸ್ಸಾದವರ ತಲೆಗೆ ಸಣ್ಣ ಪೆಟ್ಟು, ಕೆಲವು ವಾರ ಕಳೆದ ಮೇಲೆ ಮೆದುಳಿನ ಮೇಲೆ ನೀರಾದ ಹಳೇ ರಕ್ತ. ಬರ್ ಹೋಲ್, ಅಂದರೆ ಬುರುಡೆಗೆ ಸಣ್ಣ ತೂತು ಹಾಕಿ, ಸಲೈನ್‌ನಲ್ಲಿ ತೊಳೆದು, ಹೊಲಿದುಬಿಡುವುದು. ಇದರಷ್ಟು ಖುಷಿ ಕೊಡುವ ಆಪರೇಷನ್ ನಮ್ಮಲ್ಲಿ ಕಡಿಮೆ. ಮಂಪರಿನಲ್ಲಿ ಬಂದ ಅಜ್ಜ ಮಾರನೇ ದಿನ ಎದ್ದು ಕೂತು "ನನ್ನ ಕನ್ನಡಕ ಎಲ್ಲಿ?" ಅಂತ ಗದರುತ್ತಾರೆ.

ಉಳಿದ ರಕ್ತ ಹೊರಗೆ ಹರಿಯಲಿ ಅಂತ ಒಳಗೆ ಬಿಡುವ ಕೊಳವೆ, ಡ್ರೈನ್, ನಾನು ಆಗ ಇಡುತ್ತಿರಲಿಲ್ಲ. ಮೆದುಳಿಗೆ ಚುಚ್ಚೀತು, ಇನ್‌ಫೆಕ್ಷನ್ ಆದೀತು ಅನ್ನುವ ಭಯ. "ನನ್ನ ಪೇಷೆಂಟ್‌ಗಳಿಗೆ ಮತ್ತೆ ರಕ್ತ ಕಟ್ಟುವುದೇ ಅಪರೂಪ" ಅಂತ ಹೇಳಿಕೊಂಡು ತಿರುಗುತ್ತಿದ್ದೆ. ಒಂದು ದಿನ ರೌಂಡ್ಸ್‌ನಲ್ಲೂ ಅದೇ ಮಾತು ಬಂತು. ವಾರ್ಡಿನ ಸಿಸ್ಟರ್ ಏನೂ ಹೇಳಲಿಲ್ಲ. ರೌಂಡ್ಸ್ ಮುಗಿದ ಮೇಲೆ ರಿಜಿಸ್ಟರ್ ತಂದು ಮೇಜಿನ ಮೇಲಿಟ್ಟರು. "ಸಾರ್, ಇವರು ಎರಡನೇ ಸಲ ಬಂದಿದ್ದರು. ಇವರೂ ಅಷ್ಟೇ." ನನ್ನ ಲೆಕ್ಕದಲ್ಲಿ ಒಬ್ಬರೋ ಇಬ್ಬರೋ. ಅವರ ಬೆರಳು ಐದನೇ ಹೆಸರಿಗೆ ಬಂದು ನಿಂತಿತು. ಅದರಲ್ಲಿ ಮೂವರು ರಾತ್ರಿ ಬಂದಿದ್ದರು, ಡ್ಯೂಟಿಯಲ್ಲಿದ್ದ ಹುಡುಗರೇ ಆಪರೇಷನ್ ಮಾಡಿ ಮುಗಿಸಿದ್ದರು. ನನಗೆ ಹೇಳಿಯೂ ಇದ್ದರು. ನಾನು ಮರೆತಿದ್ದೆ. ಹಿಂದಿನ ವರ್ಷ ನಕ್ಕು ಕೈಮುಗಿದು ಹೋದವರ ಮುಖ ಮಾತ್ರ ಚೆನ್ನಾಗಿ ನೆನಪಿತ್ತು! ಅನಿಸಿಕೆ ಬೇರೆ, ಎಣಿಕೆ ಬೇರೆ.

2009ರಲ್ಲಿ ಕೇಂಬ್ರಿಡ್ಜ್‌ನವರ ಟ್ರಯಲ್ ಬಂತು. 215 ಜನ. ಡ್ರೈನ್ ಇಟ್ಟವರಲ್ಲಿ ಮತ್ತೆ ರಕ್ತ ಕಟ್ಟಿದ್ದು 9.3%, ಇಡದವರಲ್ಲಿ 24%. ಆರು ತಿಂಗಳ ಸಾವೂ ಡ್ರೈನ್ ಇಟ್ಟವರಲ್ಲಿ ಅರ್ಧಕ್ಕಿಂತ ಕಡಿಮೆ. ಒಂದು ಪ್ಲಾಸ್ಟಿಕ್ ಕೊಳವೆ, ಎರಡು ದಿನ. ಆ ಪೇಪರ್ ಓದಿದ ದಿನ ಸಿಸ್ಟರ್ ಮುಖ ನೋಡಲು ನನಗೆ ಸ್ವಲ್ಪ ಕಷ್ಟವಾಯಿತು.

ಎರಡನೆಯದು ಸ್ಟೆರಾಯ್ಡ್. ಮೆದುಳಿನ ಗಡ್ಡೆಯ ಸುತ್ತಲಿನ ಊತಕ್ಕೆ ಡೆಕ್ಸಾ ಅನ್ನುವ ಸ್ಟೆರಾಯ್ಡ್ ಕೊಟ್ಟರೆ ರೋಗಿ ಕಣ್ಣೆದುರೇ ಚೇತರಿಸಿಕೊಳ್ಳುತ್ತಾನೆ. ಹಾಗಾದರೆ ತಲೆಗೆ ಪೆಟ್ಟಾದಾಗಲೂ ಊತ ಇಳಿಯಬೇಕಲ್ವಾ? ತರ್ಕ ಎಷ್ಟು ಚಂದ ನೋಡಿ. ದಶಕಗಟ್ಟಲೆ ಎಷ್ಟೋ ಕಡೆ ಕೊಟ್ಟರು. ಆಮೇಲೆ ತಲೆಗೆ ಪೆಟ್ಟಾದವರ ಮೇಲೆ ಕ್ರಾಶ್ ಅನ್ನುವ ಟ್ರಯಲ್ ನಡೆಸಿದವರು ಎಣಿಸಲು ಕೂತರು. 20,000 ಜನರನ್ನು ಸೇರಿಸುವ ಯೋಜನೆ, 10,008ಕ್ಕೇ ನಿಲ್ಲಿಸಬೇಕಾಯಿತು. 2004ರಲ್ಲಿ ಫಲಿತಾಂಶ ಬಂತು: ಎರಡು ವಾರದೊಳಗೆ ಸತ್ತವರು ಸ್ಟೆರಾಯ್ಡ್ ಪಡೆದವರಲ್ಲಿ 21.1%, ಪಡೆಯದವರಲ್ಲಿ 17.9%. ನೂರಕ್ಕೆ ಮೂರು ಜನ ಜಾಸ್ತಿ. ಒಂದು ವಾರ್ಡಿನಲ್ಲಿ ನಿಂತವನ ಕಣ್ಣಿಗೆ ಈ ಮೂವರು ಯಾವತ್ತೂ ಕಾಣುವುದಿಲ್ಲ. ಪೆಟ್ಟು ಜೋರಾಗಿತ್ತು, ಹೋದರು ಅಂದುಕೊಳ್ಳುತ್ತೇವೆ. ಮತ್ತೆ ಅದೇ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ: ಅನಿಸಿಕೆ ಬೇರೆ, ಎಣಿಕೆ ಬೇರೆ.

ಚೀಟಿ ಬಂತು. ಐದು ನಿಮಿಷ ಅಂತ ಬರೆದಿದ್ದಾರೆ.

ಮೂರನೆಯದು, ಏನನ್ನು ಎಣಿಸಬೇಕು? ರೆಸ್ಕ್ಯೂ ಐಸಿಪಿ ಟ್ರಯಲ್ ನೆನಪಿದೆಯಲ್ಲ, 2016. ತಲೆಯೊಳಗಿನ ಒತ್ತಡ ಯಾವ ಔಷಧಿಗೂ ಬಗ್ಗದಿದ್ದಾಗ ಬುರುಡೆಯ ಒಂದು ಭಾಗ ತೆಗೆದಿಡುವುದು. ಆರು ತಿಂಗಳಿಗೆ ಸಾವು 48.9%ರಿಂದ 26.9%ಕ್ಕೆ ಇಳಿಯಿತು. ಚಪ್ಪಾಳೆ ತಟ್ಟುವ ಮೊದಲು ಅದೇ ಟೇಬಲ್‌ನ ಮುಂದಿನ ಸಾಲು ಓದಿ. ಎಚ್ಚರವೇ ಇಲ್ಲದೆ ಉಳಿದವರು ಔಷಧಿ ಗುಂಪಿನಲ್ಲಿ 2.1%, ಆಪರೇಷನ್ ಗುಂಪಿನಲ್ಲಿ 8.5%. ಬದುಕಿಸಿದ್ದೇವೆ, ನಿಜ. ಹೇಗೆ ಬದುಕಿದ್ದಾರೆ? ಬದುಕುಳಿದವರ ಸ್ಥಿತಿ ಅಳೆಯುವ 1975ರ ಗ್ಲಾಸ್ಗೋ ಔಟ್‌ಕಮ್ ಸ್ಕೇಲ್ ಹುಟ್ಟಿದ್ದೇ ಈ ಪ್ರಶ್ನೆಗೆ. ಆದರೂ ನಮ್ಮ ಡಿಸ್ಚಾರ್ಜ್ ಸಮರಿಯಲ್ಲಿ "ಸ್ಥಿತಿ ಸುಧಾರಿಸಿದೆ" ಅಂತ ಒಂದೇ ಸಾಲು! ಏನು ಸುಧಾರಿಸಿದೆ? ಒಬ್ಬರೇ ಹೊರಗೆ ಹೋಗಿ ಬರುತ್ತಾರಾ, ಕೆಲಸಕ್ಕೆ ಮರಳಿದರಾ, ಮನೆಯವರ ಮೇಲೆ ಸಿಡುಕುವುದು ಜಾಸ್ತಿ ಆಗಿದೆಯಾ? ಆಪರೇಷನ್‌ಗೆ ಮುಂಚೆ ಮನೆಯವರು ನಮ್ಮನ್ನು ಕೇಳುವುದೂ ಇದನ್ನೇ.

ನಾಲ್ಕನೆಯದು ಮೆದುಳಿನ ಶಸ್ತ್ರಚಿಕಿತ್ಸೆಗೆ ಬುನಾದಿ ಹಾಕಿದವರಲ್ಲೊಬ್ಬರಾದ ಹಾರ್ವೆ ಕುಶಿಂಗ್. ಅವರು ಒಬ್ಬೊಬ್ಬ ರೋಗಿಯ ದಾಖಲೆ ಇಟ್ಟ ರೀತಿ, ತನ್ನ ಕೈಯಲ್ಲಾದ ಸಾವುಗಳನ್ನೂ ಅಚ್ಚು ಹಾಕಿಸಿದ್ದು. ಇದಕ್ಕೇ ಒಂದು ಗಂಟೆ ಬೇಕು, ಬಿಡಿ.

ಕೊನೆಯದು, ಓಪಿಡಿಗೆ ಮರಳಿ ಬಾರದವರು. ಅವರೆಲ್ಲ ಚೆನ್ನಾಗಿದ್ದಾರೆ ಅಂತ ನಾವು ಸುಮ್ನೆ ಅಂದುಕೊಳ್ಳುತ್ತೇವೆ. ತೀರಾ ಚೆನ್ನಾಗಿರುವವರೂ ಬರುವುದಿಲ್ಲ, ಹಾಸಿಗೆ ಬಿಟ್ಟು ಏಳಲಾಗದವರೂ ಬರುವುದಿಲ್ಲ. ಆರು ತಿಂಗಳಿಗೆ ಯಾರಾದರೂ ಫೋನ್ ಮಾಡಿ ಕೇಳಬೇಕು. ಆಪರೇಷನ್ ಮಾಡಿದವನೇ ಫೋನ್ ಮಾಡಿದರೆ "ಚೆನ್ನಾಗಿದ್ದೇವೆ ಡಾಕ್ಟ್ರೇ" ಅಂತಾರೆ, ಪಾಪ. ಹಾಗಾಗಿ ಬೇರೆಯವರು ಕೇಳಲಿ. ನಾವು ಈಗ ಅಡ್ಮಿಷನ್ ದಿನವೇ ಎರಡು ನಂಬರ್ ಬರೆದುಕೊಳ್ಳುತ್ತೇವೆ, ಒಂದು ರೋಗಿಯದು, ಒಂದು ಮನೆಯವರದು. ಆ ರಿಜಿಸ್ಟರ್ ಸಿಸ್ಟರ್ ಹತ್ತಿರ ಇರುತ್ತದೆ, ನನ್ನ ಹತ್ತಿರ ಅಲ್ಲ.

ಮೈಕ್ ಕೊಡಿ ಅಂತಿದ್ದಾರೆ. ಪ್ರಶ್ನೆಗಳಿದ್ದರೆ ಕೇಳಿ.