ಎಂಜಿನ್ ಲೈಟ್ ಬಂತು: ಮೊದಲು ಫೋನಾ, ಮಲ್ಟಿಮೀಟರಾ?

ಈ ಹಳದಿ ದೀಪ ನೋಡಿ. ಮೂರು ದಿನದಿಂದ ಹೀಗೇ ಉರಿಯುತ್ತಿತ್ತು. ಬೈಕ್ ಓಡುತ್ತಿತ್ತು, ಅದೇನೂ ತೊಂದರೆ ಇಲ್ಲ, ಆದರೆ ಬೆಳಿಗ್ಗೆ ಒಂದೇ ಸಲಕ್ಕೆ ಸ್ಟಾರ್ಟ್ ಆಗುತ್ತಿರಲಿಲ್ಲ, ಪೆಟ್ರೋಲ್ ವಾಸನೆ ಜಾಸ್ತಿ, ಮತ್ತೆ ಎಂಜಿನ್ ಇನ್ನೂ ತಣ್ಣಗಿರುವಾಗಲೇ ರೇಡಿಯೇಟರ್ ಫ್ಯಾನ್ ಸುಮ್ನೆ ತಿರುಗುತ್ತಾ ಇರುತ್ತಿತ್ತು. ನಾನು ಮಾಡಿದ ಮೊದಲ ಕೆಲಸ ಏನು ಗೊತ್ತಾ? ಫೋನ್ ತೆಗೆದೆ.

ಸೀಟಿನ ಕೆಳಗೆ ಒಂದು ಕನೆಕ್ಟರ್ ಇದೆಯಲ್ಲ, ಅದಕ್ಕೆ ಈ ಪುಟ್ಟ ಬ್ಲೂಟೂತ್ ಅಡಾಪ್ಟರ್ ಸಿಕ್ಕಿಸಿದೆ, ಆ್ಯಪ್ ತೆರೆದೆ, ಸ್ಕ್ಯಾನ್ ಒತ್ತಿದೆ. ಅರ್ಧ ನಿಮಿಷದಲ್ಲಿ ಉತ್ತರ ಬಂತು: ಪಿ0118 ಅಂತ ಒಂದು ದೋಷದ ಕೋಡ್. ಕೂಲೆಂಟ್ ಟೆಂಪರೇಚರ್ ಸರ್ಕ್ಯೂಟ್, ಹೈ. ನಾನು ಆ 'ಹೈ' ನೋಡಿ ಎಂಜಿನ್ ಬಿಸಿಯಾಗುತ್ತಿದೆ ಅಂದುಕೊಂಡೆ. ಆಮೇಲೆ, ಛೇ, ಸೆನ್ಸರ್ ಹೋಗಿರಬೇಕು ಅಂತ ಹೊಸದೊಂದು ತಂದು ಹಾಕಿದೆ. ದೀಪ ಹಾಗೇ ಇತ್ತು!

ನಾನು ಮಾಡಿದ್ದು ಎರಡು ತಪ್ಪು. ಮೊದಲನೆಯದು, 'ಹೈ' ಅಂದರೆ ಬಿಸಿ ಜಾಸ್ತಿ ಅಂತಲ್ಲ, ಆ ತಂತಿಯಲ್ಲಿ ವೋಲ್ಟೇಜ್ ಜಾಸ್ತಿ ಅಂತ. ಈ ಸೆನ್ಸರ್ ತಣ್ಣಗಿದ್ದಷ್ಟೂ ಅದರ ರೆಸಿಸ್ಟೆನ್ಸ್ ಜಾಸ್ತಿ, ಬಿಸಿಯಾದಷ್ಟೂ ಕಡಿಮೆ. ಇಸಿಯು, ಅಂದರೆ ಎಂಜಿನ್ ನಡೆಸುವ ಪುಟ್ಟ ಕಂಪ್ಯೂಟರ್, 5 ವೋಲ್ಟ್ ಕಳಿಸಿ, ಎಷ್ಟು ಉಳಿಯುತ್ತದೆ ಅಂತ ನೋಡುತ್ತದೆ. ತಂತಿ ಎಲ್ಲೋ ತುಂಡಾಗಿದ್ದರೆ ಪೂರ್ತಿ 5 ವೋಲ್ಟ್ ಉಳಿಯುತ್ತದೆ. ಅದೇ 'ಹೈ'. ಅಂದರೆ ಇಸಿಯು ಕಣ್ಣಿಗೆ ನನ್ನ ಎಂಜಿನ್ ಬಿಸಿಯಲ್ಲ, ಹಿಮಗಡ್ಡೆ. ಮತ್ತೆ ಫ್ಯಾನ್ ಯಾಕೆ ತಿರುಗುತ್ತಿತ್ತು? ಈ ಅಳತೆಯನ್ನು ನಂಬಲಾಗದೆ ಇಸಿಯು ಅದನ್ನು ಮುನ್ನೆಚ್ಚರಿಕೆಗೆ ಓಡಿಸಿಟ್ಟಿತ್ತು.

ಎರಡನೆಯ ತಪ್ಪು ದೊಡ್ಡದು. ಕೋಡ್ ಯಾವ ಸರ್ಕ್ಯೂಟ್ ದೂರು ಕೊಟ್ಟಿದೆ ಅಂತ ಹೇಳುತ್ತದೆ, ಅಷ್ಟೇ. ಯಾವ ಬಿಡಿಭಾಗ ಸತ್ತಿದೆ ಅಂತ ಹೇಳುವುದಿಲ್ಲ. ಸರ್ಕ್ಯೂಟ್ ಅಂದರೆ ಸೆನ್ಸರ್, ಕನೆಕ್ಟರ್, ತಂತಿ, ಅರ್ಥ್, ಇಸಿಯು ಪಿನ್ ಎಲ್ಲಾ ಸೇರಿ. ನಾನು ಆ ಐದರಲ್ಲಿ ಒಂದನ್ನು ಕಣ್ಣುಮುಚ್ಚಿ ಆರಿಸಿಕೊಂಡೆ.

ಆಮೇಲೆ ಆ್ಯಪ್‌ನಲ್ಲಿ ಲೈವ್ ಡೇಟಾ, ಅಂದರೆ ಆ ಕ್ಷಣದ ಸೆನ್ಸರ್ ಅಳತೆಗಳನ್ನು, ತೆರೆದು ನೋಡಿದರೆ ಕೂಲೆಂಟ್ ತಾಪ -40 ಡಿಗ್ರಿ. ಬೈಕ್ ಬಿಸಿಲಲ್ಲಿ ನಿಂತಿದೆ! ಈ -40 ಎಲ್ಲಿಂದ ಬರುತ್ತದೆ ಅಂದರೆ, ಇಸಿಯು ತಾಪವನ್ನು 0ಯಿಂದ 255ರವರೆಗಿನ ಒಂದು ಸಂಖ್ಯೆಯಾಗಿ ಕಳಿಸುತ್ತದೆ, ಆ್ಯಪ್ ಅದರಲ್ಲಿ 40 ಕಳೆದು ತೋರಿಸುತ್ತದೆ. 0 ಬಂದರೆ -40. ಹಾಗಾಗಿ ಪರದೆ ಮೇಲೆ -40 ಕಂಡರೆ ಅದು ಹವಾಮಾನ ವರದಿ ಅಲ್ಲ, ಸರ್ಕ್ಯೂಟ್ ಎಲ್ಲೋ ಕಡಿದಿದೆ ಅನ್ನುವ ಸುಳಿವು. ಇನ್ನೊಂದು ಮಜಾ, ಸೆಲ್ಸಿಯಸ್ಸಾ ಫ್ಯಾರನ್‌ಹೀಟಾ ಅಂತ ತಲೆ ಕೆಡಿಸಿಕೊಳ್ಳುವುದೇ ಬೇಡ, -40ರಲ್ಲಿ ಎರಡೂ ಒಂದೇ.

ಈಗ ಈ ಕ್ಲಿಪ್ ಗಮನವಿಟ್ಟು ನೋಡಿ, ಇದೇ ನನಗೆ ಇಷ್ಟವಾದ ಭಾಗ. ಸೆನ್ಸರ್ ಪ್ಲಗ್ ಕಿತ್ತೆ. ತಂತಿ ಬದಿಯ ಎರಡು ಪಿನ್‌ಗಳ ನಡುವೆ ಒಂದು ಸಣ್ಣ ವೈರ್ ತುಂಡು ಹಾಕಿದೆ. ಈಗ ರೆಸಿಸ್ಟೆನ್ಸ್ ಹೆಚ್ಚುಕಡಿಮೆ ಸೊನ್ನೆ, ಹಾಗಾಗಿ ಆ್ಯಪ್‌ನಲ್ಲಿ ತಾಪ ಒಮ್ಮೆಲೇ ಮೇಲಕ್ಕೆ ಹಾರಬೇಕು. ಹಾರಿದರೆ ತಂತಿ, ಇಸಿಯು ಎರಡೂ ಸರಿ, ಸೆನ್ಸರ್ ಕೆಟ್ಟಿದೆ. ನನ್ನದು ಅಲ್ಲಾಡಲಿಲ್ಲ, -40ರಲ್ಲೇ ಕೂತಿತ್ತು. ಅಂದರೆ ಸೆನ್ಸರ್‌ಗೂ ಇದಕ್ಕೂ ಸಂಬಂಧವೇ ಇಲ್ಲ. ಒಂದು ತುಂಡು ವೈರ್, ಎರಡು ನಿಮಿಷ. ಹೊಸ ಸೆನ್ಸರ್ ತರುವ ಮೊದಲು ಇದನ್ನು ಮಾಡಬೇಕಿತ್ತು ಅಲ್ವಾ? ಒಂದು ಮಾತು, ಈ ಆಟ ಎರಡೇ ತಂತಿಯ ತಾಪದ ಸೆನ್ಸರ್‌ಗೆ ಮಾತ್ರ. ಥ್ರಾಟಲ್ ಸೆನ್ಸರ್ ಥರ ಮೂರು ತಂತಿ ಇರುವ ಕಡೆ ಹೀಗೆ ಮಾಡಲು ಹೋಗಬೇಡಿ, 5 ವೋಲ್ಟ್ ಲೈನನ್ನು ನೇರ ಅರ್ಥ್‌ಗೆ ಕೊಟ್ಟುಬಿಡುತ್ತೀರಿ.

ಇಲ್ಲಿಂದ ಮುಂದೆ ಫೋನಿನ ಕೆಲಸ ಮುಗಿಯಿತು. ವೋಲ್ಟೇಜ್, ರೆಸಿಸ್ಟೆನ್ಸ್ ಅಳೆಯುವ ಮಲ್ಟಿಮೀಟರ್ ತೆಗೆದೆ. ತಂತಿ ಕಡಿಯದೆ ಇದ್ದರೆ ಅದು ಬೀಪ್ ಅನ್ನುತ್ತದೆ. ಬ್ಯಾಟರಿ ಬಿಚ್ಚಿ, ಇಸಿಯು ಪ್ಲಗ್‌ನಿಂದ ಸೆನ್ಸರ್ ಪ್ಲಗ್‌ವರೆಗೆ ಒಂದೊಂದೇ ತಂತಿಗೆ ಬೀಪ್ ಹಾಕಿ ನೋಡಿದೆ. ಒಂದು ಬೀಪ್ ಅಂದಿತು. ಇನ್ನೊಂದು ಸುಮ್ಮನಿತ್ತು, ಕನೆಕ್ಟರ್ ಹತ್ತಿರ ಸ್ವಲ್ಪ ಬಗ್ಗಿಸಿದರೆ ಬೀಪ್, ಬಿಟ್ಟರೆ ಮೌನ. ಮೇಲಿನ ಪ್ಲಾಸ್ಟಿಕ್ ಚೆನ್ನಾಗಿಯೇ ಇತ್ತು, ಒಳಗಿನ ತಾಮ್ರ ಮುರಿದಿತ್ತು. ಅದು ಯಾವ ಆ್ಯಪ್‌ಗೂ ಕಾಣುವಂಥದ್ದಲ್ಲ.

ಹಾಗಂತ ಬೀಪ್ ಬಂದರೆ ತಂತಿ ಸರಿ ಅಂತಲೂ ನಂಬಬೇಡಿ. ಹತ್ತು ಎಳೆಯಲ್ಲಿ ಒಂಬತ್ತು ಕಡಿದು ಒಂದೇ ಉಳಿದಿದ್ದರೂ ಮೀಟರ್ ಖುಷಿಯಾಗಿ ಬೀಪ್ ಅನ್ನುತ್ತದೆ. ಸೆನ್ಸರ್ ತಂತಿಗೆ ಅಷ್ಟು ಸಾಕಾಗಬಹುದು, ಪೆಟ್ರೋಲ್ ಪಂಪ್‌ಗೆ ಸಾಲದು. ಕರೆಂಟ್ ಜಾಸ್ತಿ ಎಳೆಯುವ ಕಡೆ ಲೋಡ್ ಇಟ್ಟು, ಅಂದರೆ ಅದು ಓಡುತ್ತಿರುವಾಗಲೇ, ವೋಲ್ಟೇಜ್ ಎಷ್ಟು ಬೀಳುತ್ತದೆ ಅಂತ ನೋಡಬೇಕು. ಸೆಲ್ಫ್ ಒತ್ತುತ್ತಾ ಬ್ಯಾಟರಿಯ ಮೈನಸ್‌ಗೂ ಎಂಜಿನ್ ಬಾಡಿಗೂ ಪ್ರೋಬ್ ಇಡಿ. 0.2, 0.3 ವೋಲ್ಟ್‌ಗಿಂತ ಜಾಸ್ತಿ ತೋರಿಸಿದರೆ ಅರ್ಥ್ ತಂತಿಯನ್ನೋ ಬೋಲ್ಟನ್ನೋ ಬಿಚ್ಚಿ ಉಜ್ಜಿ. ಆದರೆ ಸೆಲ್ಫ್ ಕರೆಂಟ್ ಅಳೆಯುತ್ತೇನೆ ಅಂತ ಮೀಟರನ್ನು ಆಂಪಿಯರ್‌ಗೆ ತಿರುಗಿಸಿ ಹಾಕಬೇಡಿ, 10 ಆಂಪ್ ಫ್ಯೂಸ್ ಅಲ್ಲೇ ಹಾರಿಹೋಗುತ್ತದೆ. ಹೇಗೆ ಗೊತ್ತು ಅಂತ ಕೇಳಬೇಡಿ.

ಈಗ ನನ್ನ ಅಭ್ಯಾಸ ಹೀಗೆ. ಯಾವ ದೀಪವೇ ಬರಲಿ, ಮೊದಲು ಬ್ಯಾಟರಿಗೆ ಮೀಟರ್. ನಿಂತ ಬೈಕಿನಲ್ಲಿ 12.6 ಆಸುಪಾಸು ಇರಬೇಕು, ಸೆಲ್ಫ್ ಹೊಡೆಯುವಾಗ 10ಕ್ಕಿಂತ ಕೆಳಗೆ ಬೀಳಬಾರದು, ಆಕ್ಸಿಲರೇಟರ್ ಸ್ವಲ್ಪ ಕೊಟ್ಟಾಗ 14ರ ಹತ್ತಿರ ಬರಬೇಕು. ಇದು ಸರಿ ಇಲ್ಲದಿದ್ದರೆ ಸ್ಕ್ಯಾನ್ ಮಾಡಿ ಉಪಯೋಗವಿಲ್ಲ. ವೋಲ್ಟೇಜ್ ಕುಸಿದಾಗ ಇಸಿಯು, ಬ್ರೇಕ್ ಹಿಡಿದಾಗ ಚಕ್ರ ಜಾಮ್ ಆಗದಂತೆ ನೋಡಿಕೊಳ್ಳುವ ಎಬಿಎಸ್ ಎಲ್ಲಾ ಒಟ್ಟಿಗೆ ಗಾಬರಿಯಾಗಿ ಒಂದಕ್ಕೊಂದು ಸಂಬಂಧವಿಲ್ಲದ ಕೋಡ್ ಎಸೆಯುತ್ತವೆ, ನಾವು ಅವುಗಳ ಹಿಂದೆ ಓಡುತ್ತಾ ಇರುತ್ತೇವೆ.

ಫೋನ್ ಗೆದ್ದ ಕಥೆಯೂ ಇದೆ, ಅನ್ಯಾಯ ಆಗಬಾರದು. ಹಿಂದೆ ಒಮ್ಮೆ ಇದೇ ಬೈಕ್ ಇಪ್ಪತ್ತು ನಿಮಿಷ ಓಡಿದ ಮೇಲೆ ಮುಗ್ಗರಿಸುತ್ತಿತ್ತು, ನಿಲ್ಲಿಸಿ ತಣ್ಣಗಾದರೆ ಮತ್ತೆ ಸರಿ. ಮನೆ ಮುಂದೆ ಮೀಟರ್ ಹಿಡಿದರೆ ಎಲ್ಲಾ ಚೆನ್ನಾಗಿದೆ. ಓಡಿಸುತ್ತಾ ಮೀಟರ್ ನೋಡಲು ಆಗುತ್ತದಾ? ಅಡಾಪ್ಟರ್ ಸಿಕ್ಕಿಸಿ, ಆ್ಯಪ್‌ನಲ್ಲಿ ರೆಕಾರ್ಡಿಂಗ್ ಹಾಕಿ, ಫೋನ್ ಜೇಬಿಗೆ ಹಾಕಿಕೊಂಡು ಹೊರಟೆ. ವಾಪಸ್ ಬಂದು ಗ್ರಾಫ್ ನೋಡಿದರೆ, ವೋಲ್ಟೇಜ್ ಮೊದಲು 14.2, ಬಿಸಿಯಾಗುತ್ತಾ 13, ಆಮೇಲೆ 12.2. ಚಾರ್ಜಿಂಗ್ ನಿಂತೇಹೋಗಿತ್ತು. ಯಾಕೆ ಅಂತ ಆ್ಯಪ್ ಹೇಳಲಿಲ್ಲ. ಅದಕ್ಕೆ ಮತ್ತೆ ಮೀಟರೇ ಬೇಕಾಯಿತು. ಎಂಜಿನ್ ತಿರುಗುವಾಗ ಕರೆಂಟ್ ಹುಟ್ಟಿಸುವ ಸ್ಟೇಟರ್‌ನಿಂದ ಬರುವ ಮೂರು ಹಳದಿ ತಂತಿ, ಅವುಗಳಲ್ಲಿ ಎರಡೆರಡರ ನಡುವೆ ಎಸಿ ವೋಲ್ಟೇಜ್ ನೋಡಿದೆ, ಮೂರೂ ಜೋಡಿಯಲ್ಲಿ ಒಂದೇ ಬಂತು, ಯಾವುದೂ ಅರ್ಥ್‌ಗೆ ತಾಗಿರಲಿಲ್ಲ. ಸ್ಟೇಟರ್ ಸರಿ, ಆ ಕರೆಂಟನ್ನು ಬ್ಯಾಟರಿಗೆ ಹೊಂದಿಸಿ ಕೊಡುವ ರೆಗ್ಯುಲೇಟರ್ ಬಿಸಿಯಾದಾಗ ಕೈಕೊಡುತ್ತಿತ್ತು. ಅಂದಹಾಗೆ ಅಡಾಪ್ಟರ್ ತೋರಿಸುವ ವೋಲ್ಟೇಜ್ ಸ್ವಲ್ಪ ಆಚೀಚೆ ಇರಬಹುದು, ಮೊದಲು ಮೀಟರ್ ಜೊತೆ ಒಮ್ಮೆ ಹೋಲಿಸಿ ನೋಡಿಕೊಳ್ಳಿ.

ರೆಕಾರ್ಡ್ ಮಾಡುವಾಗ ಸಿಕ್ಕಿದ್ದೆಲ್ಲಾ ಟಿಕ್ ಮಾಡಬೇಡಿ. ಇಸಿಯು ಅಡಾಪ್ಟರ್ ಜೊತೆ ಮಾತಾಡುವ ಹಳೆಯ ರೀತಿ ಕೆ-ಲೈನ್, ಹೊಸ ರೀತಿ ಕ್ಯಾನ್. ಹಳೆಯ ಕೆ-ಲೈನ್ ಬೈಕುಗಳಲ್ಲಿ ಮಾತುಕತೆಯ ವೇಗ ಸೆಕೆಂಡಿಗೆ 10,400 ಬಿಟ್ ಅಷ್ಟೇ, ಕ್ಯಾನ್ ಇರುವ ಬೈಕುಗಳಲ್ಲಿ ಸಾಮಾನ್ಯವಾಗಿ 5,00,000. ಕೆ-ಲೈನ್‌ನಲ್ಲಿ ಹತ್ತು ವಿಷಯ ಕೇಳಿದರೆ ಒಂದೊಂದೂ ತಡವಾಗಿ ಬರುತ್ತದೆ, ಕ್ಷಣದಲ್ಲಿ ಬಂದು ಹೋಗುವ ತೊಂದರೆ ಸಂದಿಯಲ್ಲಿ ನುಸುಳಿಬಿಡುತ್ತದೆ. ಎರಡು ಮೂರು ಸಾಕು.

ಈ ಅಡಾಪ್ಟರ್ ಬಗ್ಗೆಯೂ ಹೇಳಿಬಿಡುತ್ತೇನೆ. ಇಎಲ್‌ಎಂ327 ಅನ್ನುವುದು ಇಂಥ ಅಡಾಪ್ಟರ್ ಒಳಗಿನ ಚಿಪ್ಪಿನ ಹೆಸರು, ಹಾಗೆ ಮೇಲೆ ಬರೆದಿರುವುದರಲ್ಲಿ ನಕಲಿ ತುಂಬಾ. ಕೆಲವು ಕ್ಯಾನ್ ಜೊತೆ ಮಾತಾಡುತ್ತವೆ, ಕೆ-ಲೈನ್ ಅಂದರೆ ಮುಖ ತಿರುಗಿಸುತ್ತವೆ. ಕಾರುಗಳಿಗೆ 16 ಪಿನ್ ಅಂತ ಒಂದು ಕಟ್ಟುಪಾಡಿದೆ, ಬೈಕುಗಳಲ್ಲಿ ಬಹಳ ಕಾಲ ಒಬ್ಬೊಬ್ಬರದು ಒಂದೊಂದು ಥರ, ಮೂರು ಪಿನ್, ನಾಲ್ಕು ಪಿನ್, ಆರು ಪಿನ್. ಬೈಕಿನ ಈ ಪ್ಲಗ್‌ಗೆ ಐಎಸ್‌ಒ 19689 ಅನ್ನುವ ಅಂತರರಾಷ್ಟ್ರೀಯ ಮಾನದಂಡ ಬಂದ ಮೇಲೆ ಹೊಸ ಬೈಕುಗಳಲ್ಲಿ ಆರು ಪಿನ್‌ನ ಒಂದೇ ನಮೂನೆ ಕಾಣುತ್ತಿದೆ. ಆದರೆ ಪ್ಲಗ್ ಕೂತ ಮಾತ್ರಕ್ಕೆ ಭಾಷೆ ಹೊಂದಬೇಕು ಅಂತಿಲ್ಲ, ಕಂಪನಿಯದೇ ಗುಟ್ಟಿನ ಪ್ರೋಟೋಕಾಲ್ ಇದ್ದರೆ ಆ್ಯಪ್ ಸುತ್ತುತ್ತಲೇ ಇರುತ್ತದೆ. ಕೊಳ್ಳುವ ಮೊದಲು ನಿಮ್ಮ ಮಾಡೆಲ್, ನಿಮ್ಮ ವರ್ಷ ಎರಡನ್ನೂ ನೋಡಿ. ಕೆಲಸ ಮುಗಿದ ಮೇಲೆ ಅದನ್ನು ಕಿತ್ತಿಡಿ. ಪ್ಲಗ್‌ಗೆ ಸದಾ ಕರೆಂಟ್ ಇರುವ ಬೈಕಿನಲ್ಲಿ ಅದು 40 ಮಿಲಿಆಂಪ್ ಎಳೆದರೂ ದಿನಕ್ಕೆ ಸುಮಾರು 1 ಆಂಪಿಯರ್-ಅವರ್ (ಎಎಚ್) ಹೋಯಿತು, 8 ಎಎಚ್ ಬ್ಯಾಟರಿ ಒಂದು ವಾರದಲ್ಲಿ ಮಲಗುತ್ತದೆ.

ಕೈಯಲ್ಲಿ ಹಿಡಿಯುವ ಸ್ಕ್ಯಾನರ್ ಬೇಕಾ ಅಂದರೆ, ಎಬಿಎಸ್ ಕೋಡ್ ಓದಬೇಕು, ಎಬಿಎಸ್ ಪಂಪ್ ಓಡಿಸಿ ಬ್ರೇಕಿನ ಗಾಳಿ ತೆಗೆಯಬೇಕು, ಸರ್ವಿಸ್ ದೀಪ ಆರಿಸಬೇಕು ಅನ್ನುವವರಿಗೆ ಬೇಕು. ಮಾಮೂಲಿ ಆ್ಯಪ್‌ಗಳಿಗೆ ಅಲ್ಲಿಗೆ ಕೈ ಎಟುಕುವುದು ಕಡಿಮೆ. ನನಗೆ ಇನ್ನೂ ಬೇಕು ಅನಿಸಿಲ್ಲ. ಕಾರ್ಬುರೇಟರ್ ಬೈಕಿನವರು ಇದಾವುದಕ್ಕೂ ತಲೆ ಕೆಡಿಸಿಕೊಳ್ಳಬೇಡಿ. ಮೀಟರ್, ಪ್ಲಗ್ ಸ್ಪ್ಯಾನರ್, ಕಂಪ್ರೆಷನ್ ಗೇಜ್ ಸಾಕು. ವಾಲ್ವ್ ಗ್ಯಾಪ್ ಬಿಗಿಯಾಗಿದ್ದರೆ ಇಂಜೆಕ್ಷನ್ ಬೈಕಿನಲ್ಲೂ ಅದಕ್ಕೆ ಅಂತ ಕೋಡ್ ಬರುವುದಿಲ್ಲ, ಸಂದಿ ಅಳೆಯುವ ಫೀಲರ್ ಗೇಜೇ ಗತಿ.

ಸರಿ, ಮುರಿದ ತಂತಿ ಕತ್ತರಿಸಿ, ಹೊಸ ತುಂಡು ಸೇರಿಸಿ, ಬೆಸುಗೆ ಹಾಕಿ, ಮೇಲೆ ಸ್ಲೀವ್ ಎಳೆದೆ. ಕೋಡ್ ಅಳಿಸುವ ಮೊದಲು ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಂಡೆ, ಯಾಕೆಂದರೆ ಅಳಿಸಿದರೆ ಅದರ ಜೊತೆ ಫ್ರೀಜ್ ಫ್ರೇಮ್ ಕೂಡ ಹೋಗುತ್ತದೆ, ದೀಪ ಬಂದ ಕ್ಷಣದಲ್ಲಿ ಆರ್‌ಪಿಎಂ ಎಷ್ಟಿತ್ತು, ಸ್ಪೀಡ್ ಎಷ್ಟಿತ್ತು ಅನ್ನುವ ಲೆಕ್ಕ. ಈಗ ನೋಡಿ, ಆ್ಯಪ್‌ನಲ್ಲಿ 31 ಡಿಗ್ರಿ. ಸ್ಟಾರ್ಟ್ ಮಾಡಿದೆ, ನಿಧಾನವಾಗಿ ಏರುತ್ತಿದೆ, ಫ್ಯಾನ್ ಸುಮ್ಮನಿದೆ.

ಆ ಹಳೆಯ ಸೆನ್ಸರ್? ಅದನ್ನು ಒಂದು ಲೋಟ ಬಿಸಿನೀರಿಗೆ ಇಳಿಸಿ ಮೀಟರ್ ಹಿಡಿದೆ. ಹೊರಗಿದ್ದಾಗ ಎರಡು ಕಿಲೋ ಓಮ್ ಚಿಲ್ಲರೆ ತೋರಿಸುತ್ತಿದ್ದದ್ದು ಸರಸರ ಇಳಿದು ಮುನ್ನೂರರ ಹತ್ತಿರ ಬಂತು, ನೀರು ಆರಿದ ಹಾಗೆ ಮತ್ತೆ ಏರಿತು. ಪಾಪ, ಅದಕ್ಕೆ ಏನೂ ಆಗಿರಲಿಲ್ಲ. ಒರೆಸಿ, ಡಬ್ಬಿಗೆ ಹಾಕಿ, ಮೇಲೆ 'ಸ್ಪೇರ್' ಅಂತ ಬರೆದಿಟ್ಟಿದ್ದೇನೆ.