ಹನಿ ಎಣಿಸಿ, ಆಮೇಲೆ ಮೂಸಿ

ಎಲ್ಲರಿಗೂ ನಮಸ್ಕಾರ. ಅವ್ವಂದಿರು, ಅಕ್ಕಂದಿರು ಮುಂದೆ ಕೂತಿದ್ದೀರಿ. ರಿಟೈರ್ ಆದ ನನ್ನ ಗೆಳೆಯರು ಹಿಂದೆ, ಫ್ಯಾನ್ ಕೆಳಗೆ. ವಿಜಯಪುರದ ಬಿಸಿಲಿಗೆ ಅವರ ಆಯ್ಕೆಯೇ ಸರಿ.

ಅರೋಮಾಥೆರಪಿ, ಅಂದರೆ ಗಿಡಗಳಿಂದ ತೆಗೆದ ಸುವಾಸನೆಯ ಎಣ್ಣೆ ಮೂಸಿ, ಹಚ್ಚಿ ಮಾಡುವ ಆರೈಕೆ, ಅದರ ಬಗ್ಗೆ ಮಾತಾಡಿ ಅಂತ ಸಂಘದವರು ಯಾಕೆ ಕರೆದರು, ನಿಮಗೆಲ್ಲ ಗೊತ್ತೇ ಇದೆ. ಹೋದ ತಿಂಗಳು ಇದೇ ಹಾಲ್‌ನಲ್ಲಿ ಸಣ್ಣ ಸಣ್ಣ ಬಾಟಲಿ ಮಾರಾಟ ಆಯಿತಲ್ಲ. ಒಂದು ಮೊಣಕಾಲು ನೋವಿಗೆ, ಒಂದು ಶುಗರ್‌ಗೆ, ಇನ್ನೊಂದು ದಿನಾ ಬೆಳಿಗ್ಗೆ ಕುಡಿಯುವ ನೀರಿಗೆ ಎರಡು ಹನಿ. ಯಾರ್‍ಯಾರು ತಗೊಂಡಿರಿ ಅಂತ ಕೈ ಎತ್ತಿಸಲ್ಲ ರೀ. ನಮ್ಮ ಮನೆಯಲ್ಲೂ ಎರಡು ಬಂದು ಕೂತಿವೆ.

ನಾನು ವರ್ಷಗಟ್ಟಲೆ ಫಾರ್ಮಸಿ ಪಾಠ ಮಾಡಿದವನು. ಈ ಎಣ್ಣೆಗಳ ಮೇಲೆ ನನಗೆ ಸಿಟ್ಟಿಲ್ಲ, ಪ್ರೀತಿ ಇದೆ. ಸಿಟ್ಟು ಇರುವುದು ಹನಿ ಎಣಿಸದೆ ಸುರಿಯುವವರ ಮೇಲೆ.

ಇದು ನೋಡಿ, ನಮ್ಮ ಇಂಡಿ ತಾಲ್ಲೂಕಿನ ನಿಂಬೆಹಣ್ಣು. ಸಿಪ್ಪೆಯನ್ನು ಹೀಗೆ ಮಡಚಿ ದೀಪದ ಹತ್ತಿರ ಹಿಂಡುತ್ತೇನೆ. ಚಟಪಟ ಅಂತ ಕಿಡಿ ಬಂತಲ್ವಾ? ಸಿಪ್ಪೆಯ ಸಣ್ಣ ಚೀಲಗಳಲ್ಲಿರುವ ಎಣ್ಣೆ ಅದು. ಬೇಗ ಹಾರಿಹೋಗುತ್ತದೆ, ಬೇಗ ಉರಿಯುತ್ತದೆ, ವಾಸನೆಯೆಲ್ಲ ಅದರದೇ. ಸುವಾಸನೆಯ ಗಿಡಗಳ ಎಲೆ, ಹೂವು, ಬೇರು, ಕಟ್ಟಿಗೆಯಲ್ಲೂ ಇಂಥದ್ದು ಇರುತ್ತದೆ. ಹಬೆ ಹಾಯಿಸಿದರೆ ಎಣ್ಣೆ ಹಬೆಯ ಜೊತೆ ಮೇಲೇರುತ್ತದೆ, ತಣ್ಣಗೆ ಮಾಡಿದರೆ ನೀರು ಬೇರೆ, ಎಣ್ಣೆ ಬೇರೆ ಆಗುತ್ತದೆ. ನಿಂಬೆ ಜಾತಿಯ ಸಿಪ್ಪೆಯನ್ನು ಒತ್ತಿಯೂ ತೆಗೆಯುತ್ತಾರೆ.

ಈಗ ಲೆಕ್ಕ ಕೇಳಿ. ಒಂದು ಕೆಜಿ ಗುಲಾಬಿ ಎಣ್ಣೆಗೆ 3,000ದಿಂದ 4,000 ಕೆಜಿ ಹೂವು ಬೇಕು. ಹಾಗಾದರೆ ಒಂದು ಹನಿಯಲ್ಲಿ ಎಷ್ಟು ಹೂವು ಕೂತಿರಬೇಡ! ಚಹಾಕ್ಕೆ ನಾಲ್ಕು ಎಲೆ ಮಜ್ಜಿಗೆಹುಲ್ಲು ಹಾಕುವುದೇ ಬೇರೆ, ಅದರ ಎಣ್ಣೆ ಸುರಿಯುವುದೇ ಬೇರೆ. ಅದಕ್ಕೇ ಹೇಳುವುದು, ಹನಿ ಎಣಿಸಿ.

ಇದೇನು ಹೊರಗಿನಿಂದ ಬಂದ ಹೊಸ ಫ್ಯಾಶನ್ ಅಂದುಕೊಳ್ಳಬೇಡಿ. ನೆಗಡಿಗೆ ಅಜವಾನ ಹುರಿದು ಅರಿವೆಯಲ್ಲಿ ಕಟ್ಟಿ ಮೂಸಿದವರು ನಾವು. ಅದರಲ್ಲಿರುವುದು ಥೈಮಾಲ್ ಅನ್ನುವ ಘಾಟಿನ ಅಂಶ. ಹಲ್ಲುನೋವಿಗೆ ಲವಂಗ ಕಚ್ಚಿದವರು. ಅದರಲ್ಲಿರುವ ಯೂಜಿನಾಲ್ ಅನ್ನುವ ಅಂಶ ಇವತ್ತಿಗೂ ಹಲ್ಲಿನ ಡಾಕ್ಟರ ಟೇಬಲ್ ಮೇಲಿದೆ. ಬಾಣಂತಿ ಕೋಣೆಯಲ್ಲಿ ಲೋಬಾನದ ಹೊಗೆ, ದವನದ ಹುಣ್ಣಿಮೆಗೆ ಎಲ್ಲಮ್ಮನಿಗೆ ದವನ. ಆ ದವನದ ಎಣ್ಣೆ ಈಗ ಹೊರದೇಶದ ಸೆಂಟಿನ ಕಂಪನಿಗಳಿಗೆ ಹೋಗುತ್ತದೆ. ಇಷ್ಟೆಲ್ಲ ಯಾಕೆ, ಎರಡನೇ ಇಬ್ರಾಹಿಂ ಆದಿಲ್‌ಶಾಹಿಯ ಕಾಲದಲ್ಲಿ ಈ ಊರಿನ ದರ್ಬಾರಿಗಾಗಿಯೇ ಸುಗಂಧ ತಯಾರಿಕೆಯ ಮೇಲೆ ಪರ್ಶಿಯನ್‌ನಲ್ಲಿ ಒಂದು ಪುಸ್ತಕ ಬಂತು, ‘ಇತ್ರ್-ಎ-ನೌರಸ್‌ಶಾಹಿ’ ಅಂತ. ಗೋಲಗುಮ್ಮಟ ನೋಡಲು ಬಂದ ನೆಂಟರಿಗೆ ಇದನ್ನೂ ಹೇಳಿ. ಗೈಡ್‌ಗಳು ಹೇಳುವುದನ್ನು ನಾನಂತೂ ಕೇಳಿಲ್ಲ.

ಅರೋಮಾಥೆರಪಿ ಅನ್ನುವ ಹೆಸರು ಮಾತ್ರ ಫ್ರಾನ್ಸಿನದು. ಅಲ್ಲಿನ ಕೆಮಿಸ್ಟ್ ರೆನೆ ಮೊರಿಸ್ ಗಾಟ್‌ಫೋಸೆ. ಇವನ ಕಥೆ ನೀವು ಕೇಳಿಯೇ ಇರುತ್ತೀರಿ, ಮಾರುವವರೆಲ್ಲ ಹೇಳುತ್ತಾರೆ. ಲ್ಯಾಬಿನಲ್ಲಿ ಕೈ ಸುಟ್ಟುಕೊಂಡ, ಪಕ್ಕದಲ್ಲಿದ್ದ ಲ್ಯಾವೆಂಡರ್ ಎಣ್ಣೆಯ ಹಂಡೆಯಲ್ಲಿ ಕೈ ಅದ್ದಿದ, ಮಾಯ! ಕಲೆ ಕೂಡ ಉಳಿಯಲಿಲ್ಲ!

ಹಾಗೆ ಆಗಿಲ್ಲ ರೀ. ಅವನೇ ಬರೆದಿಟ್ಟಿದ್ದಾನೆ. 1910ರಲ್ಲಿ ಲ್ಯಾಬಿನಲ್ಲಿ ಸ್ಫೋಟ ಆಯಿತು. ಮೈಗೆ ಬೆಂಕಿ ಹತ್ತಿತು. ಅವನು ಓಡಿದ್ದು ಹುಲ್ಲುಹಾಸಿನ ಕಡೆಗೆ. ಉರುಳಾಡಿ ಬೆಂಕಿ ಆರಿಸಿದ. ಹಂಡೆಯೂ ಇಲ್ಲ, ಪಿಂಡೆಯೂ ಇಲ್ಲ. ಆಮೇಲೆ ಎರಡೂ ಕೈಗೆ ಗ್ಯಾಂಗ್ರಿನ್, ಅಂದರೆ ಮಾಂಸ ಕೊಳೆಯುವ ರೋಗ ಹಿಡಿಯಿತು. ಆಗ ಲ್ಯಾವೆಂಡರ್ ಎಣ್ಣೆಯಿಂದ ತೊಳೆದರೆ ಅದು ನಿಂತಿತು, ಮರುದಿನದಿಂದ ಗಾಯ ಮಾಯತೊಡಗಿತು ಅಂತ ಅವನ ಮಾತು. ಆ್ಯಂಟಿಬಯೋಟಿಕ್ ಇಲ್ಲದ ಕಾಲ. ಎಣ್ಣೆಗೆ ಕೆಲವು ಕ್ರಿಮಿ ಕೊಲ್ಲುವ ಗುಣ ಇರುವುದೂ ನಿಜ. 1937ರಲ್ಲಿ ಇದರ ಮೇಲೆ ಪುಸ್ತಕ ಬರೆದ, ಹೆಸರು ನಿಂತುಬಿಟ್ಟಿತು. ಆದರೆ ಒಬ್ಬ ಮನುಷ್ಯನ ಎರಡು ಕೈ ನೋಡಿ ಊರಿಗೆಲ್ಲ ಔಷಧಿ ಬರೆಯಲು ಬರುತ್ತದಾ? ಸುಟ್ಟ ಗಾಯಕ್ಕೆ ಇವತ್ತು ಮೊದಲು ಹರಿಯುವ ತಣ್ಣೀರು, 20 ನಿಮಿಷ. ಎಣ್ಣೆ ಬೇಡ, ಟೂತ್‌ಪೇಸ್ಟೂ ಬೇಡ. ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ಮನೆಯಲ್ಲಿ ಹಚ್ಚಿದ್ದಾರೆ ಅಂತ ಕಾಣುತ್ತದೆ.

ಹಾಗಾದರೆ ಉಪಯೋಗವೇ ಇಲ್ಲವಾ? ಇದೆ. ಮೂಗಿನಿಂದ ಹೊರಟ ಸುದ್ದಿ ಮಿದುಳಿನಲ್ಲಿ ಭಾವನೆ ಮತ್ತು ನೆನಪಿನ ಜಾಗಕ್ಕೆ ಹತ್ತಿರದ ದಾರಿಯಲ್ಲಿ ಮುಟ್ಟುತ್ತದೆ. ಕಣ್ಣು, ಕಿವಿಯ ಸುದ್ದಿ ಹಾಗಲ್ಲ, ನಡುವೆ ಥಲಾಮಸ್ ಅನ್ನುವ ಜಂಕ್ಷನ್ ದಾಟಿ ಹೋಗಬೇಕು. ಮೂಗಿನಲ್ಲಿ ವಾಸನೆ ಹಿಡಿಯುವ ಗ್ರಾಹಕಗಳನ್ನು, ಅಂದರೆ ರಿಸೆಪ್ಟರ್‌ಗಳನ್ನು ಕಂಡುಹಿಡಿದ ರಿಚರ್ಡ್ ಆ್ಯಕ್ಸೆಲ್, ಲಿಂಡಾ ಬಕ್ ಇಬ್ಬರಿಗೆ 2004ರಲ್ಲಿ ನೊಬೆಲ್ ಬಂತು. ಮೊದಲ ಮಳೆಯ ವಾಸನೆಗೆ ತವರು ನೆನಪಾಗುವುದು ಸುಮ್ನೆ ಅಲ್ಲ.

ಆತಂಕ ಇಳಿಯಲು, ನಿದ್ದೆಗೆ ಲ್ಯಾವೆಂಡರ್ ವಾಸನೆ ಸ್ವಲ್ಪ ನೆರವಾಗುತ್ತದೆ ಅಂತ ಕೆಲವು ಪ್ರಯೋಗಗಳು ಹೇಳುತ್ತವೆ. ಅವುಗಳಲ್ಲಿ ಜಾಸ್ತಿ ಸಣ್ಣವು. ಇನ್ನೊಂದು ತೊಡಕಿದೆ. ಮಾತ್ರೆಯಾದರೆ ಅರ್ಧ ಜನರಿಗೆ ಔಷಧಿಯಿಲ್ಲದ ಸಪ್ಪೆ ಮಾತ್ರೆ ಕೊಟ್ಟು ಪರೀಕ್ಷೆ ಮಾಡಬಹುದು. ವಾಸನೆಯನ್ನು ಮುಚ್ಚಿಡುವುದು ಹೇಗೆ? ಮೂಸಿದವರಿಗೆ ಗೊತ್ತಾಗಿಯೇ ಬಿಡುತ್ತದೆ. ಮೊಡವೆಗೆ ಟೀ ಟ್ರೀ (ಚಹಾ ಗಿಡವಲ್ಲ, ಆಸ್ಟ್ರೇಲಿಯಾದ ಬೇರೊಂದು ಮರ) ಎಣ್ಣೆಯ 5% ಜೆಲ್ ಕೆಲಸ ಮಾಡಿದ್ದನ್ನು 1990ರಲ್ಲಿ ಆಸ್ಟ್ರೇಲಿಯಾದವರು ತೋರಿಸಿದರು. ಮಾಮೂಲಿ ಔಷಧಿಗಿಂತ ನಿಧಾನ, ಆದರೆ ಚರ್ಮಕ್ಕೆ ತೊಂದರೆ ಕಡಿಮೆ. ಶುಗರ್ ಇಳಿಸುತ್ತೇನೆ ಅನ್ನುವ ಬಾಟಲಿ ನಂಬಿ ಮಾತ್ರೆ ಬಿಟ್ಟರೆ ಮಾತ್ರ ನಾನು ನಿಮ್ಮ ಮನೆಗೇ ಬಂದು ಬೈಯುತ್ತೇನೆ.

ಬಳಸುವುದು ಹೇಗೆ? ಹನಿ ಎಣಿಸಿ! ಮೈಗೆ ಹಚ್ಚಲು 30 ಮಿಲಿ, ಅಂದರೆ ಎರಡು ದೊಡ್ಡ ಚಮಚ ಸಾದಾ ಎಣ್ಣೆಗೆ 12 ಹನಿ. ಸುಮಾರು 2% ಆಯಿತು. ಮುಖಕ್ಕೆ, ವಯಸ್ಸಾದವರಿಗೆ 6 ಹನಿ ಸಾಕು. ಸಾದಾ ಎಣ್ಣೆಗೆ ಹೊರಗಿನಿಂದ ಏನೂ ತರಿಸಬೇಡಿ, ಕೊಬ್ಬರಿ ಎಣ್ಣೆ ಆಗುತ್ತದೆ, ನಮ್ಮ ಕುಸುಬಿ ಎಣ್ಣೆಯೂ ಆಗುತ್ತದೆ. ಮೊದಲು ಮೊಣಕೈ ಒಳಗೆ ಚೂರು ಹಚ್ಚಿ ಒಂದು ದಿನ ಕಾಯಿರಿ. ಹಬೆ ತಗೊಳ್ಳಲು ನೀಲಗಿರಿ ಎಣ್ಣೆ ಒಂದೆರಡು ಹನಿ, ಕಣ್ಣು ಮುಚ್ಚಿ. ಸಣ್ಣ ಮಕ್ಕಳಿಗೆ ಹಬೆ ಬೇಡ, ಬಿಸಿನೀರು ಚೆಲ್ಲಿದರೆ ಕಷ್ಟ.

ಸಿಪ್ಪೆ ಒತ್ತಿ ತೆಗೆದ ನಿಂಬೆ ಎಣ್ಣೆ ಹಚ್ಚಿಕೊಂಡು ಬಿಸಿಲಿಗೆ ಹೋಗಬೇಡಿ, ಚರ್ಮ ಸುಟ್ಟ ಹಾಗೆ ಆಗುತ್ತದೆ. 12 ತಾಸಾದರೂ ಬಿಡಿ. ಏಪ್ರಿಲ್‌ನಲ್ಲಿ ನಮ್ಮೂರಲ್ಲಿ 12 ತಾಸು ಬಿಸಿಲು ತಪ್ಪಿಸುವುದು ಹೇಗೆ ಅಂತ ಕೇಳಬೇಡಿ, ಹಚ್ಚುವುದನ್ನೇ ಬಿಡಿ.

ಕೊಳ್ಳುವಾಗ ಗಿಡದ ವೈಜ್ಞಾನಿಕ ಹೆಸರು ಇದೆಯಾ ನೋಡಿ. ನೂರು ರೂಪಾಯಿಗೆ ಶುದ್ಧ ಮಲ್ಲಿಗೆ ಎಣ್ಣೆ ಅಂದರೆ ನಗಿರಿ. ಮಲ್ಲಿಗೆ ಹಬೆಯನ್ನೇ ತಾಳುವುದಿಲ್ಲ, ದ್ರಾವಕ ಹಾಕಿ ತೆಗೆಯಬೇಕು, ಬಲು ದುಬಾರಿ. ಈ ಕಾಗದ ಸಾಲಿನಲ್ಲಿ ಕಳಿಸಿ. ಎಡಗಡೆ ನೀಲಗಿರಿ ಎಣ್ಣೆಯ ಹನಿ, ಆರಿ ಕಲೆಯಿಲ್ಲ. ಬಲಗಡೆಯದು ನಮ್ಮ ಮನೆಗೆ ಬಂದ ಬಾಟಲಿಯದು, ಜಿಡ್ಡು ಹಾಗೇ ಇದೆ. ಅಡುಗೆ ಎಣ್ಣೆ ಬೆರೆಸಿದ್ದು ಇದರಿಂದ ಗೊತ್ತಾಗುತ್ತದೆ. ಕೆಮಿಕಲ್ ಸೆಂಟು ಬೆರೆಸಿದ್ದು ಗೊತ್ತಾಗಲ್ಲ.

ಅಧ್ಯಕ್ಷರ ಚೀಟಿ ಬಂತು, ಐದು ನಿಮಿಷ ಅಂತ. ಮಸಾಜ್ ಬಗ್ಗೆ ಬರೆದುಕೊಂಡು ಬಂದಿದ್ದೆ, ಬಿಡೋಣ. ಬಾಟಲಿ ತಂಪಾದ, ಕತ್ತಲೆಯ ಜಾಗದಲ್ಲಿಡಿ. ಹಳೆಯದಾದ ನಿಂಬೆ, ಟೀ ಟ್ರೀ ಎಣ್ಣೆ ಚರ್ಮಕ್ಕೆ ಅಲರ್ಜಿ ತರಬಹುದು. ಬಸುರಿಯರು, ಉಬ್ಬಸ ಇರುವವರು, ಫಿಟ್ಸ್ ಬರುವವರು ಡಾಕ್ಟರನ್ನು ಕೇಳದೆ ಬಳಸಬೇಡಿ. ಕೂಸಿನ ಮೂಗಿಗೆ, ಮುಖಕ್ಕೆ ಪುದೀನ, ನೀಲಗಿರಿ, ಕರ್ಪೂರದ ಎಣ್ಣೆ ಹಚ್ಚಲೇಬೇಡಿ. ನೀರಿಗೆ ಎರಡು ಹನಿ ಅಂದರಲ್ಲ, ಎಣ್ಣೆ ನೀರಿಗೆ ಬೆರೆಯಲ್ಲ. ಮೇಲೆ ತೇಲಿ ಹಾಗೆಯೇ ಗಂಟಲಿಗೆ ಇಳಿಯುತ್ತದೆ. ಕುಡಿಯಬೇಡಿ.

ಕೊನೆಗೆ ಇದೊಂದು. ಮೊಮ್ಮಗು ಅಕಸ್ಮಾತ್ ನೀಲಗಿರಿ ಎಣ್ಣೆಯನ್ನೋ ಕರ್ಪೂರವನ್ನೋ ನುಂಗಿದರೆ ವಾಂತಿ ಮಾಡಿಸಬೇಡಿ. ಎಣ್ಣೆ ಶ್ವಾಸಕೋಶಕ್ಕೆ ಹೋದರೆ ಇನ್ನೂ ಅಪಾಯ. ಕರ್ಪೂರಕ್ಕೆ ಬೇಗ ಫಿಟ್ಸ್ ಬರಬಹುದು. ಆರಾಮಾಗಿ ಆಡುತ್ತಿದೆ ಅಂತ ಕಾಯಬೇಡಿ, ತಕ್ಷಣ ಆಸ್ಪತ್ರೆಗೆ ನಡೆಯಿರಿ. ನುಂಗಿದ್ದು ಏನು ಅಂತ ಡಾಕ್ಟರಿಗೆ ಗೊತ್ತಾಗಬೇಕು, ಬಾಟಲಿ ಜೊತೆಗೇ ಒಯ್ಯಿರಿ. ಪ್ರಶ್ನೆ ಇದ್ದವರು ಚಹಾ ಹೊತ್ತಿಗೆ ಸಿಗಿರಿ, ಮನೆಯಲ್ಲಿರುವ ಬಾಟಲಿಯ ಹೆಸರು ಹೇಳಿದರೆ ಏನು ಮಾಡಬೇಕು ಅಂತ ಹೇಳುತ್ತೇನೆ.