ಲಾಭದ ವರ್ಷವನ್ನೂ ವಿಚಾರಣೆಗೆ ಒಳಪಡಿಸೋಣ

ಸಭೆಯಲ್ಲಿರುವ ಹಿರಿಯ ಬೆಳೆಗಾರರಿಗೂ, ಈಗಷ್ಟೇ ತೋಟದ ಆಡಳಿತದ ಹೊಣೆ ಹೊತ್ತಿರುವ ಕಿರಿಯ ವ್ಯವಸ್ಥಾಪಕರಿಗೂ ನಮಸ್ಕಾರ.

ಸೋಲಿನಿಂದ ಪಾಠ ಕಲಿಯಬೇಕೆಂಬುದನ್ನು ಒಪ್ಪದವರಿಲ್ಲ. ಆದರೆ ನಷ್ಟವಾದ ವರ್ಷ ಲೆಕ್ಕದ ಪುಸ್ತಕಗಳನ್ನು ಹರಡಿಕೊಂಡು ಕಾರಣ ಹುಡುಕುವ ನಾವು, ಲಾಭ ಬಂದ ವರ್ಷ ಆ ಕೆಲಸ ಮಾಡುವುದಿಲ್ಲ. ಕೊಡಗಿನ ಕಾಫಿ ವ್ಯವಹಾರದಲ್ಲಿ ದೊಡ್ಡ ತಪ್ಪುಗಳು ಬೇರು ಬಿಟ್ಟದ್ದು ಲಾಭದ ವರ್ಷಗಳಲ್ಲೇ ಎಂದು ನಾನು ನಂಬಿದ್ದೇನೆ.

1989ರಲ್ಲಿ, ಯಾವ ದೇಶ ಎಷ್ಟು ಕಾಫಿ ರಫ್ತು ಮಾಡಬಹುದೆಂದು ಮಿತಿ ಹಾಕುತ್ತಿದ್ದ ಅಂತರರಾಷ್ಟ್ರೀಯ ಕಾಫಿ ಒಪ್ಪಂದದ ರಫ್ತು ಕೋಟಾ ವ್ಯವಸ್ಥೆ ಮುರಿದುಬಿದ್ದು ಬೆಲೆ ಕುಸಿಯಿತು. 1991ರಲ್ಲಿ ಸೋವಿಯತ್ ಒಕ್ಕೂಟ ಒಡೆದಾಗ ನಮ್ಮ ಕಾಫಿಯ ದೊಡ್ಡ ಗಿರಾಕಿಯೊಬ್ಬರು ಇಲ್ಲವಾದರು. ನಂತರ 1994ರಲ್ಲಿ ಬ್ರೆಜಿಲ್‌ನ ತೋಟಗಳಲ್ಲಿ ಇಬ್ಬನಿ ಹೆಪ್ಪುಗಟ್ಟಿ ಕಾಫಿ ಗಿಡಗಳು ಹಾಳಾಗಿ ಜಗತ್ತಿನಾದ್ಯಂತ ಬೆಲೆ ಏರಿತು. ಬೆಳೆಗಾರರ ಕಾಫಿಯನ್ನು ಒಟ್ಟುಗೂಡಿಸಿ ಕಾಫಿ ಮಂಡಳಿಯೇ ಮಾರುತ್ತಿದ್ದ ಪೂಲ್ ಪದ್ಧತಿ ಸಡಿಲಗೊಂಡು, 1996ರ ಹೊತ್ತಿಗೆ ಬೆಳೆಗಾರರು ತಮ್ಮ ಕಾಫಿಯನ್ನು ತಾವೇ ಮಾರುವ ಪೂರ್ಣ ಸ್ವಾತಂತ್ರ್ಯ ಪಡೆದದ್ದೂ ಇದೇ ಕಾಲದಲ್ಲಿ. ಬೇರೊಂದು ಖಂಡದ ಚಳಿ ತಂದುಕೊಟ್ಟ ಹಣವನ್ನು ನಮ್ಮಲ್ಲಿ ಅನೇಕರು ನಮ್ಮ ಜಾಣ್ಮೆಯ ಫಲವೆಂದು ಭಾವಿಸಿದೆವು, ಆ ಬೆಲೆಯೇ ಖಾಯಂ ಎಂಬಂತೆ ಸಾಲದ ಲೆಕ್ಕ ಹಾಕಿದೆವು. ವಿಯೆಟ್ನಾಂನ ರೋಬಸ್ಟಾ ತಳಿಯ ಕಾಫಿ ಮಾರುಕಟ್ಟೆಯನ್ನು ತುಂಬಿ, 2001ರ ಸುಮಾರಿಗೆ ಬೆಲೆ ಪಾತಾಳಕ್ಕಿಳಿದಾಗ ಎಲ್ಲರೂ ಮಾರುಕಟ್ಟೆಯನ್ನು ದೂರಿದರು. ಸಾಲಪತ್ರಕ್ಕೆ ಸಹಿ ಹಾಕಿದ ದಿನವನ್ನು ನೆನೆದವರು ಕಡಿಮೆ.

ನನ್ನದೇ ಒಂದು ತಪ್ಪನ್ನು ಹೇಳುತ್ತೇನೆ. ನಾನು ಸೋಮವಾರಪೇಟೆ ಕಡೆಯ ಒಂದು ತೋಟದಲ್ಲಿ ವ್ಯವಸ್ಥಾಪಕನಾಗಿದ್ದಾಗ, ಜನವರಿಯ ಒಂದು ರಾತ್ರಿ ಅಕಾಲಿಕ ಮಳೆ ಸುರಿದು ಕಣದಲ್ಲಿ ಒಣಗುತ್ತಿದ್ದ ಚೆರಿ ಕಾಫಿ, ಅಂದರೆ ಸಿಪ್ಪೆ ಸಮೇತ ಒಣಗಿಸುವ ಹಣ್ಣು, ನೆನೆದು ಹೋಯಿತು. ಬೂಷ್ಟು ಹಿಡಿದ ಕಾಫಿಗೆ ಸಿಕ್ಕ ಬೆಲೆಯನ್ನು ಹೇಳಲು ಇಂದಿಗೂ ಮನಸ್ಸು ಬಾರದು. ಮಾಲೀಕರಿಗೆ ಬರೆದ ವರದಿಯಲ್ಲಿ ಮಳೆಯನ್ನು ದೂರಿದೆ, ಟಾರ್ಪಾಲು ಮುಚ್ಚಲು ತಡಮಾಡಿದರೆಂದು ಮೇಸ್ತ್ರಿಯವರನ್ನೂ ದೂರಿದೆ. ಕೆಲವು ವಾರಗಳ ಬಳಿಕ ತೋಟದ ಲೆಕ್ಕಪತ್ರ ನೋಡುವ ರೈಟರು ಏನೂ ಮಾತಾಡದೆ ಹಳೆಯ ಬೇಡಿಕೆ ಪುಸ್ತಕವನ್ನು ನನ್ನ ಮುಂದಿಟ್ಟರು. ಟಾರ್ಪಾಲುಗಳು ಹರಿದಿವೆ, ಹೊಸದು ಬೇಕು ಎಂದು ಅವರು ಅಕ್ಟೋಬರಿನಲ್ಲೇ ಬರೆದಿದ್ದರು. ಅದರ ಕೆಳಗೆ ‘ಮುಂದಿನ ವರ್ಷ ನೋಡೋಣ’ ಎಂಬ ನನ್ನ ಕೈಬರಹವಿತ್ತು. ಹಿಂದಿನ ವರ್ಷದ ಪುಟ ತಿರುವಿದರೆ ಅದೇ ಬೇಡಿಕೆ, ಅದೇ ಉತ್ತರ. ಆ ವರ್ಷ ಮಳೆ ಬಂದಿರಲಿಲ್ಲ, ಖರ್ಚು ಉಳಿಸಿದೆನೆಂದು ಮಾಲೀಕರು ಮೆಚ್ಚಿದ್ದರು. ಎರಡು ವರ್ಷವೂ ನಾನು ಮಾಡಿದ್ದು ಒಂದೇ ತಪ್ಪು. ಒಮ್ಮೆ ಅದಕ್ಕೆ ಮೆಚ್ಚುಗೆ ದೊರೆತಿತ್ತು. ಮೇಸ್ತ್ರಿಯವರ ಮನೆಗೆ ಹೋಗಿ ಕ್ಷಮೆ ಕೇಳಿದೆ, ಮಾಲೀಕರಿಗೆ ಎರಡನೆಯ ವರದಿ ಬರೆದೆ. ಮೊದಲನೆಯದಕ್ಕಿಂತ ಅದನ್ನು ಬರೆಯುವುದು ಬಹಳ ಕಷ್ಟವಾಯಿತು.

ಕೊಡಗಿನ ತೋಟಗಳಲ್ಲಿ ಪ್ರತಿದಿನ ಬೆಳಿಗ್ಗೆ ಮಳೆ ಅಳೆದು ಇಂಚು, ಸೆಂಟು (ಇಂಚಿನ ನೂರನೇ ಒಂದು ಭಾಗ)ಗಳಲ್ಲಿ ಬರೆದಿಡುವ ರೂಢಿ ಇದೆ. ಮಳೆ ಒಳ್ಳೆಯದೋ ಕೆಟ್ಟದೋ ಎಂದು ಅಲ್ಲಿ ಯಾರೂ ಬರೆಯುವುದಿಲ್ಲ, ನಂತರ ತಿದ್ದುವುದೂ ಇಲ್ಲ. ಅಂದಿನಿಂದ ನನ್ನ ನಿರ್ಧಾರಗಳನ್ನೂ ನಾನು ಹಾಗೆಯೇ ಬರೆದಿಡತೊಡಗಿದೆ: ಏನು ನಿರ್ಧರಿಸಿದೆ, ಯಾವ ಮಾಹಿತಿಯ ಮೇಲೆ, ಯಾರು ಬೇಡವೆಂದಿದ್ದರು. ಫಲಿತಾಂಶ ತಿಳಿದ ಮೇಲೆ ಬರೆದರೆ ನೆನಪು ನಮ್ಮ ಪರವಾಗಿಯೇ ಸಾಕ್ಷಿ ಹೇಳುತ್ತದೆ.

2018ರ ಆಗಸ್ಟ್ ತಿಂಗಳು ಕಲಿಸಿದ್ದು ಬೇರೆ ತೆರನಾದ ಪಾಠ. ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡಗಳು ಜರಿದು, ಮಡಿಕೇರಿ–ಸಂಪಾಜೆ ರಸ್ತೆ ಮುಚ್ಚಿದಾಗ, ಜೀವಗಳೂ ಮನೆಗಳೂ ಹೋದ ಆ ದಿನಗಳನ್ನು ವ್ಯವಹಾರದ ಉದಾಹರಣೆಯಾಗಿ ಎತ್ತಲು ನನಗೆ ಸಂಕೋಚವಿದೆ. ಆದರೂ ಒಂದನ್ನು ಹೇಳಲೇಬೇಕು. ಫೋನು ಸತ್ತು, ದಾರಿ ಕಡಿದುಹೋದಾಗ ವ್ಯವಸ್ಥಾಪಕನ ಒಪ್ಪಿಗೆಗಾಗಿ ಕಾಯುವ ತೋಟ ಅಪಾಯದಲ್ಲಿರುತ್ತದೆ. ಕಾರ್ಮಿಕರು ವಾಸಿಸುವ ಲೈನ್ ಮನೆಗಳನ್ನು ಯಾವಾಗ ಖಾಲಿ ಮಾಡಿಸಬೇಕೆಂದು ಹೇಳುವ ಅಧಿಕಾರ ಸ್ಥಳದಲ್ಲಿರುವವರಿಗೆ ಮೊದಲೇ ಇರಬೇಕು, ಅವರು ತಪ್ಪಾಗಿ ಖಾಲಿ ಮಾಡಿಸಿದರೂ ಯಾರೂ ಪ್ರಶ್ನಿಸಬಾರದು. ಈಗ ನಮ್ಮಲ್ಲಿ ಮುಂಗಾರಿಗೆ ಮೊದಲು ಮೇ ಕೊನೆಯಲ್ಲಿ ಎಲ್ಲರನ್ನೂ ಕಣದಲ್ಲಿ ಸೇರಿಸಿ, ನಾನಿಲ್ಲದಾಗ ಯಾರ ಮಾತು ನಡೆಯುತ್ತದೆ ಎಂಬ ಪಟ್ಟಿಯನ್ನು ಗಟ್ಟಿಯಾಗಿ ಓದುತ್ತೇವೆ. ಮೊದಲ ಹೆಸರು ಆ ಮೇಸ್ತ್ರಿಯವರ ಮಗನದು.